ಧರಣಿಗೆ ಮುಂಚೆ ಬೈಸಿಕೊಳ್ಳುವ ತಾಲೀಮು

ಫ್ರೀಡಂ ಪಾರ್ಕಿನಲ್ಲಿ ಧರಣಿ ಅಂದರೆ ಬ್ಯಾನರು, ಮೈಕು, ಶಾಮಿಯಾನ ಎಲ್ಲ ಬೇಕು. ಪೊಲೀಸರ ಅನುಮತಿಯನ್ನೂ ಮೊದಲೇ ಪಡೆದಿರಬೇಕು. ಆದರೆ ಲಗ್ಗೆರೆಯ ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ನಾನು ಮೊದಲು ಮಾಡಿಸುವುದು ಬೈಸಿಕೊಳ್ಳುವ ತಾಲೀಮು.

ಇದು ಅಮೆರಿಕದ ಜೇಮ್ಸ್ ಲಾಸನ್ ಅವರ ಪಾಠ. ಕೊರಿಯಾ ಯುದ್ಧದ ಕಾಲದಲ್ಲಿ ಸೇನೆಗೆ ಸೇರಲ್ಲ ಎಂದು ಜೈಲಿಗೆ ಹೋದವರು. ಆಮೇಲೆ ನಾಗಪುರದ ಕಾಲೇಜಿಗೆ ಬಂದು, ಅಲ್ಲೇ ಇದ್ದು ಗಾಂಧೀಜಿಯ ಸತ್ಯಾಗ್ರಹವನ್ನು ಕಲಿತರು. ಆಗ ಅಮೆರಿಕದ ನ್ಯಾಶ್‌ವಿಲ್ ಊರಿನ ಅಂಗಡಿಗಳಲ್ಲಿ ಕಪ್ಪು ಜನ ಸಾಮಾನು ಕೊಳ್ಳಬಹುದಿತ್ತು, ಊಟದ ಕೌಂಟರಿನಲ್ಲಿ ಮಾತ್ರ ಕೂರುವಂತಿರಲಿಲ್ಲ. ಅಲ್ಲಿ ಹೋಗಿ ಕೂರಲು ವಿದ್ಯಾರ್ಥಿಗಳನ್ನು ಅವರು 1959ರಲ್ಲಿ ವಾರ ವಾರವೂ ತಯಾರು ಮಾಡಿದರು.

ಮಾಡಿಸುವುದು ಹೀಗೆ. ನಾಲ್ಕು ಜನ ಸಾಲಾಗಿ ಕುರ್ಚಿಯಲ್ಲಿ ಕೂರಲಿ. ಉಳಿದವರು ಸುತ್ತ ನಿಂತು ಬೈಯಲಿ. ಸುಮ್ನೆ ತಮಾಷೆಗೆ ಬೈದರೆ ಪ್ರಯೋಜನವಿಲ್ಲ. ಫ್ಯಾಕ್ಟರಿ ಫ್ಲೋರಿನಲ್ಲಿ ದಿನಾ ಕೇಳುವ ಮಾತನ್ನೇ ಆಡಿಸಿ: 'ಕೆಲಸ ಮಾಡೋಕೆ ಬಂದಿದ್ದೀಯಾ, ನಾಟಕ ಆಡೋಕೆ ಬಂದಿದ್ದೀಯಾ?' ಕುರ್ಚಿ ಅಲ್ಲಾಡಿಸಲಿ. ಲಾಸನ್ ಅವರ ತಾಲೀಮಿನಲ್ಲಿ ಮುಖಕ್ಕೆ ಸಿಗರೇಟಿನ ಹೊಗೆ ಊದುತ್ತಿದ್ದರು, ಕುರ್ಚಿಯಿಂದ ಕೆಳಕ್ಕೆ ತಳ್ಳುತ್ತಿದ್ದರು. ನಾವು ಅಷ್ಟು ಮಾಡಲ್ಲ. ಮೈ ಮುಟ್ಟುವ ಮುಂಚೆ ಕೇಳಿಕೊಳ್ಳಿ.

ಕೂತವರು ತಿರುಗಿಸಿ ಬೈಯಬಾರದು, ಕೈ ಎತ್ತಬಾರದು, ಎದ್ದು ಹೋಗಬಾರದು, ನಗಲೂಬಾರದು. ನಕ್ಕರೆ ಎದುರಿನವರ ಸಿಟ್ಟು ಜಾಸ್ತಿಯಾಗುತ್ತದೆ. ನ್ಯಾಶ್‌ವಿಲ್ ವಿದ್ಯಾರ್ಥಿಗಳಿಗೆ ಕೊಟ್ಟ ಚೀಟಿಯಲ್ಲೂ ಇವೇ ನಿಯಮಗಳಿದ್ದವು.

ಹತ್ತು ನಿಮಿಷದ ನಂತರ ಅದಲು ಬದಲು ಮಾಡಿ. ಬೈದವರು ಕೂರಲಿ, ಕೂತವರು ಬೈಯಲಿ. ಇದನ್ನು ದಯವಿಟ್ಟು ಬಿಡಬೇಡಿ. ಬೈಯುವವನ ಗಂಟಲು ಹೇಗೆ ಒಣಗುತ್ತದೆ, ಎದುರಿನವಳು ಅಲುಗಾಡದಿದ್ದಾಗ ಅವನಿಗೆ ಎಷ್ಟು ಗಾಬರಿಯಾಗುತ್ತದೆ ಅನ್ನುವುದು ಆ ಜಾಗದಲ್ಲಿ ನಿಂತಾಗಲೇ ತಿಳಿಯುವುದು.

ಕೊನೆಗೆ ಎಲ್ಲರನ್ನೂ ಕೇಳಿ: ಯಾವ ಮಾತಿಗೆ ರಕ್ತ ಕುದಿಯಿತು? ಹೆಚ್ಚಿನವರು ಮಕ್ಕಳ ವಿಷಯ, ನಡತೆಯ ವಿಷಯ ಅನ್ನುತ್ತಾರೆ. ಆ ಮಾತನ್ನೇ ಮತ್ತೆ ಆಡಿಸಿ. 'ನನ್ನ ಕೈಲಾಗಲ್ಲ ಅಕ್ಕ' ಅಂದವರನ್ನು ಒತ್ತಾಯಿಸಬೇಡಿ. ನೀರು, ಫೋನು, ವಿಡಿಯೊ ಕೆಲಸ ಅವರಿಗಿರಲಿ. ಅದೂ ಹೋರಾಟವೇ ಅಲ್ವಾ?

ಒಂದು ಪ್ರಸಂಗವನ್ನು ನಾನು ಪ್ರತಿ ಸಲವೂ ಹೇಳುತ್ತೇನೆ. ಒಬ್ಬ ಬಿಳಿಯ ಹುಡುಗ ಲಾಸನ್ ಅವರ ಮೇಲೆ ಉಗುಳಿದ. ಅವರು ಅವನನ್ನೇ ಕರ್ಚೀಫು ಕೇಳಿದರು. ಅವನು ತಬ್ಬಿಬ್ಬಾಗಿ ಕೊಟ್ಟೇಬಿಟ್ಟ. ಒರೆಸಿಕೊಂಡು ವಾಪಸ್ ಕೊಟ್ಟು, 'ನಿನ್ನ ಹತ್ತಿರ ಮೋಟರ್‌ಸೈಕಲ್ ಇದೆಯಾ?' ಎಂದು ಮಾತಿಗೆಳೆದರು. ಇಂಥ ಧೈರ್ಯ ಹುಟ್ಟಿನಿಂದ ಬರುತ್ತದೆ ಎಂದು ನಾನು ನಂಬುವುದಿಲ್ಲ. ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು.

ಇನ್ನೊಂದು ಕೆಲಸ, ಹೆಸರಿನ ಪಟ್ಟಿ ಮಾಡುವುದು. 1960ರ ಫೆಬ್ರುವರಿ 27ರಂದು ನ್ಯಾಶ್‌ವಿಲ್‌ನಲ್ಲಿ 81 ವಿದ್ಯಾರ್ಥಿಗಳನ್ನು ಬಂಧಿಸಿದರು. ಒಂದು ತಂಡವನ್ನು ಎಳೆದೊಯ್ದ ಹಾಗೇ ಇನ್ನೊಂದು ತಂಡ ಬಂದು ಕೂರುತ್ತಿತ್ತು. ಮೇ 10ಕ್ಕೆ ಊರಿನ ಕೌಂಟರುಗಳು ಕಪ್ಪು ಜನರಿಗೂ ತೆರೆದವು. ನೀವೂ ಎರಡು ಬ್ಯಾಚಿನ ಪಟ್ಟಿ ಮಾಡಿ. ಬಂಧನವಾದರೆ ಯಾವ ವಕೀಲರಿಗೆ ಫೋನ್ ಮಾಡಬೇಕು, ಯಾರ ಮಗುವನ್ನು ಶಾಲೆಯಿಂದ ಯಾರು ಕರೆತರಬೇಕು ಎಂಬುದನ್ನು ಹೆಸರಿನ ಮುಂದೆಯೇ ಹಿಂದಿನ ರಾತ್ರಿ ಬರೆದಿಡಿ.