ಸ್ಕೋಪನ್ನು ಮೊದಲು ವೈಸ್‌ಗೆ ಹಾಕಿ, ಆಮೇಲೆ ಬಂದೂಕಿಗೆ

ನಾಲ್ಕು ವರ್ಷದಲ್ಲಿ ಸ್ಕೋಪ್‌ಗೆ, ಅಂದರೆ ಗುರಿ ನೋಡಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನಿಗೆ, ಅಂತ ನಾನು ಸುರಿದದ್ದು ಹತ್ತಿರ ಹತ್ತಿರ 43-44 ಸಾವಿರ. ಈಗ ಏರ್ ರೈಫಲ್ ಮೇಲೆ ಕೂತಿರುವುದು 9,000ದ್ದು, ಅದೂ ಸೆಕೆಂಡ್ ಹ್ಯಾಂಡ್. ಉಳಿದ ಲೆಕ್ಕ ಮನೆಯಲ್ಲಿ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಮ್ಮದು ಕೊಡಗು, ಕೋವಿ ಹೊಸದಲ್ಲ. ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದ್ದೇ ಇರುತ್ತದೆ. ಬೇಟೆ 1972ರ ವನ್ಯಜೀವಿ ಕಾಯಿದೆಗೇ ಮುಗಿದ ಕಥೆ, ಅದರ ಬಗ್ಗೆ ಕೇಳಬೇಡಿ. ನನ್ನದು .177 ಇಂಚಿನ ಸ್ಪ್ರಿಂಗ್ ಏರ್ ರೈಫಲ್, 20 ಜೌಲ್ ಒಳಗಿನದು, ಲೈಸೆನ್ಸ್ ಬೇಡದ್ದು. ಮನೆ ಹಿಂದೆ ಕೊಟ್ಟಿಗೆಯ ಗೋಡೆಗೆ ಮಣ್ಣಿನ ಚೀಲ ಪೇರಿಸಿ, ಮುಂದೆ ಮೊಟ್ಟೆ ಇಟ್ಟು ಹೊಡೆಯುವುದು ನಮ್ಮ ನಮ್ಮಲ್ಲೇ ಆಡುವ ಆಟ. ಊರ ಸ್ಪರ್ಧೆಯಲ್ಲಿ ಸ್ಕೋಪ್ ಬಿಡುವುದಿಲ್ಲ. ಇಲ್ಲಿ ನಾನೇ ತೀರ್ಪುಗಾರ.

ಮೊದಲನೆಯದು 2,800ಕ್ಕೆ ತಂದದ್ದು. ಎಂಬತ್ತು ಗುಂಡು ಆಗುವಷ್ಟರಲ್ಲಿ ಒಳಗೆ ಏನೋ ಗಿಲಕಿಯ ಹಾಗೆ ಅಲ್ಲಾಡತೊಡಗಿತು. ಎರಡನೆಯದು 7,500, 6-24×50, ಅಂದರೆ 6ರಿಂದ 24 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 50 ಮಿ.ಮೀ. ಅಗಲದ್ದು. ಇಪ್ಪತ್ನಾಲ್ಕು ಪಟ್ಟು ಅಂದರೆ ಯಾರಿಗೆ ಆಸೆ ಆಗಲ್ಲ ಹೇಳಿ? ಆದರೆ 50ನ್ನು 24ರಿಂದ ಭಾಗಿಸಿ ನೋಡಿ, ಕಣ್ಣಿಗೆ ಬರುವ ಬೆಳಕಿನ ಚುಕ್ಕೆ ಎರಡೇ ಮಿಲಿಮೀಟರ್. ಸಂಜೆ ಆರೂವರೆಗೆ ಸಿಲ್ವರ್ ಓಕ್ ನೆರಳಲ್ಲಿ ಒಂದು ಗೊಬ್ಬರದ ಚೀಲ ನೇತು ಹಾಕಿ ಅಕ್ಷರ ಓದಲು ನೋಡಿದೆ. 24ರಲ್ಲಿ ಬರೀ ಕತ್ತಲೆ, 8ಕ್ಕೆ ಇಳಿಸಿದರೆ ಓದಬಹುದು. ಹಾಗಾದರೆ 24ಕ್ಕೆ ಯಾಕೆ ದುಡ್ಡು ಕೊಟ್ಟೆ? ಅದೀಗ ಮಗ ಚಂದ್ರನನ್ನು ನೋಡಲು ಇಟ್ಟುಕೊಂಡಿದ್ದಾನೆ.

ಆಗ ಭಾವ ಹೇಳಿದರು, 'ಕಾಸಿಗೆ ತಕ್ಕ ಕಜ್ಜಾಯ ಮಾರಾಯ, ಚಿಲ್ಲರೆ ಸಾಮಾನು ತಂದರೆ ಹೀಗೇ ಆಗೋದು.' ರೋಷಕ್ಕೆ 22,000 ಕೊಟ್ಟು ಒಂದು ಒಳ್ಳೆಯ 3-9×40 ತಂದೆ. ಗಾಜು ಅಂದರೆ ಗಾಜು, ಕನ್ನಡಿ ಹಾಗೆ ಸ್ವಚ್ಛ. ಆದರೆ ಅದು ದೊಡ್ಡ ರೈಫಲ್‌ಗೆ ಮಾಡಿದ್ದು, ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗುರಿಯೂ ಸರಿದಂತೆ ಕಾಣುವುದು, ಅದು ಬರದ ಹಾಗೆ 100 ಗಜಕ್ಕೆ ಕೂರಿಸಿದ್ದು. ಹದಿನೈದು ಮೀಟರ್‌ನಲ್ಲಿ ಎಲ್ಲ ಮಂಜು ಮಂಜು, ತಲೆ ಸ್ವಲ್ಪ ಅಲ್ಲಾಡಿಸಿದರೆ ಕ್ರಾಸ್‌ಹೇರ್, ಅಂದರೆ ಒಳಗಿನ ಗುರಿಯ ಕೂಡುಗೆರೆ, ಮೊಟ್ಟೆ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಅದನ್ನೂ ಸಹಿಸಿಕೊಂಡೆ. ಸುಮಾರು ಮುನ್ನೂರು ಗುಂಡಿಗೆ ಕ್ರಾಸ್‌ಹೇರ್ ಓರೆ ಆಯಿತು. ಸ್ಪ್ರಿಂಗ್ ಬಂದೂಕು ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಎಳೆಯುತ್ತದೆ, ನಿಮಗೆ ಗೊತ್ತೇ ಇದೆ. ಒಂದೇ ಕಡೆಯ ಒದೆತಕ್ಕೆ ಮಾಡಿದ್ದು ದುಬಾರಿಯಾದರೂ ತಡೆಯುವುದಿಲ್ಲ. ಏರ್‌ಗನ್‌ಗೆ ಹಾಕಿದ್ದೀರಿ, ವಾರಂಟಿ ಇಲ್ಲ ಅಂದರು ಮಾರಿದವರು. ಒಂದು ವಾರ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ವೈಸ್‌ನ, ಅಂದರೆ ಬಡಗಿ ಮರ ಕಚ್ಚಿಸಿ ಹಿಡಿಸುವ ಸಾಧನದ, ಯೋಚನೆ ಬಂದದ್ದು ಆ ವಾರದಲ್ಲೇ. ಬಂದೂಕೇ ಬೇಡ. ಬಡಗಿಯ ವೈಸ್‌ಗೆ ಸೈಕಲ್ ಟ್ಯೂಬ್ ಸುತ್ತಿ ಸ್ಕೋಪ್ ಹಿಡಿಸಿದೆ, ತೀರಾ ಬಿಗಿ ಬೇಡ, ಸ್ಕೋಪಿನ ಟ್ಯೂಬ್ ನಜ್ಜಾಗುತ್ತದೆ. ಟೇಪಿನಲ್ಲಿ ಸರಿಯಾಗಿ 25 ಮೀಟರ್ ಅಳೆದು ಗ್ರಾಫ್ ಹಾಳೆ ಅಂಟಿಸಿದೆ. ಸ್ಕೋಪಿನ ತಿರುಪು ಒಂದು ಕ್ಲಿಕ್ ತಿರುಗಿಸಿದರೆ ಕ್ರಾಸ್‌ಹೇರ್ ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸರಿಯುತ್ತದೆ, ಅಂದರೆ ಅಲ್ಲಿ 1.8 ಮಿಲಿಮೀಟರ್, 40 ಕ್ಲಿಕ್ಕಿಗೆ 73 ಆಸುಪಾಸು ಸರಿಯಬೇಕು. ಮೇಲೆ 40, ಬಲಕ್ಕೆ 40, ಕೆಳಗೆ 40, ಎಡಕ್ಕೆ 40, ಹೊರಟಲ್ಲಿಗೇ ವಾಪಸ್ ಬರಬೇಕು. 2,800ರದ್ದು 55 ಸರಿದು, ವಾಪಸ್ ಬರುವಾಗ 12 ಮಿಲಿಮೀಟರ್ ಪಕ್ಕ ನಿಂತಿತು. ಮಗ ಚಂದ್ರನನ್ನು ನೋಡುವ 7,500ರದ್ದು ಪ್ರತಿ ಸಲ ಒಂದೊಂದು ಲೆಕ್ಕ ಕೊಟ್ಟಿತು. ನಾನು ಇಷ್ಟು ದಿನ ಬೈಯುತ್ತಿದ್ದದ್ದು ಪೆಲೆಟ್ಟನ್ನು, ಆ ಸಣ್ಣ ಗುಂಡನ್ನು!

ಭಾವ ನಕ್ಕರು. 'ಗುಂಡು ಹೊಡೆಯದೆ ಸ್ಕೋಪ್ ಪರೀಕ್ಷೆಯಂತೆ, ಹೆಣ್ಣು ನೋಡದೆ ಮದುವೆ ಆದ ಹಾಗೆ.'

ನಾಲ್ಕನೆಯದು ಬೆಂಗಳೂರಲ್ಲಿ ಒಬ್ಬರ ಹತ್ತಿರ ಇತ್ತು, 4-12×40, ಮುಂದಿನ ಲೆನ್ಸ್ ತಿರುಗಿಸಿ ಹತ್ತು ಗಜದವರೆಗೂ ಹೊಂದಿಸುವಂಥದ್ದು, ಏರ್‌ಗನ್‌ಗೆ ಅಂತಲೇ ಮಾಡಿದ್ದು. ಹನ್ನೆರಡು ಸಾವಿರ ಹೇಳಿದರು. ವೈಸ್ ಹೊತ್ತುಕೊಂಡು ಬಸ್ ಹತ್ತಿದೆ, ನಿಜ. ಅವರ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್‌ನಲ್ಲಿ ಗ್ರಾಫ್ ಹಾಳೆ ಅಂಟಿಸಿ ಒಂದು ಗಂಟೆ ಕ್ಲಿಕ್ ಎಣಿಸಿದೆ, ವಾಚ್‌ಮನ್ ಎರಡು ಸಲ ಬಂದು ನೋಡಿಕೊಂಡು ಹೋದ. 72ರಿಂದ 74, ವಾಪಸ್ ಬಂದದ್ದು ಗೆರೆಯ ಮೇಲೇ. ಗಾಜು 22,000ದಷ್ಟು ಸ್ವಚ್ಛ ಇಲ್ಲ, ಅಂಚಿನಲ್ಲಿ ಸ್ವಲ್ಪ ಮಸುಕು. ಇರಲಿ ಬಿಡಿ, ಮೊಟ್ಟೆ ಅಂಚಿನಲ್ಲಿ ಇರಲ್ಲ ಅಲ್ವಾ. ಟ್ಯೂಬಿನ ಮೇಲಿನ ಗೀರು ತೋರಿಸಿ 9,000ಕ್ಕೆ ಇಳಿಸಿದೆ.

ಸ್ಕೋಪನ್ನು ಬಂದೂಕಿಗೆ ಕಚ್ಚಿಸುವ ಮೌಂಟ್‌ಗೆ 1,800 ಬೇರೆ. ಇಲ್ಲಿ ಜಿಪುಣತನ ಮಾಡಬೇಡಿ. ಬಂದೂಕಿನ ಮೇಲಿನ 11 ಮಿ.ಮೀ. ಡವ್‌ಟೇಲ್ ಹಳಿಗೆ ಮೊದಲು ಎರಡು ಬಿಡಿ ರಿಂಗ್ ಹಾಕಿದ್ದೆ. ಮಗಳ ನೇಲ್ ಪಾಲಿಶ್‌ನಲ್ಲಿ ಗುರುತು ಮಾಡಿ ನೋಡಿದರೆ ಅರವತ್ತು ಗುಂಡಿಗೆ ಮೂರು ಮಿಲಿಮೀಟರ್ ಹಿಂದೆ ಜಾರಿತ್ತು. ಒಂದೇ ತುಂಡಿನ, ಸ್ಟಾಪ್ ಪಿನ್ ಇರುವ ಮೌಂಟ್ ಬಂದ ಮೇಲೆ ಜಾರಿಲ್ಲ. ರಿಂಗ್ ಒಳಗೆ ನಾನು ಏನು ಹಾಕುತ್ತೇನೆ ಅಂತ ಮಾತ್ರ ಹೇಳಲ್ಲ, ಅದು ಕಂಡುಹಿಡಿಯಲು ಎರಡು ಮಳೆಗಾಲ ಹೋಗಿದೆ.

ಮಳೆಗಾಲ ಅಂದಾಗ ನೆನಪಾಯಿತು, ನಮ್ಮ ಕಡೆ ಸ್ಕೋಪ್‌ಗೆ ದೊಡ್ಡ ಶತ್ರು ಬೂಷ್ಟು. ಜೂನ್‌ನಿಂದ ಮೂರು ತಿಂಗಳು ಲೆನ್ಸ್ ಮೇಲೆ ಜೇಡರ ಬಲೆ ಹಾಗೆ ಹಬ್ಬುತ್ತದೆ. ಹಳೆಯ ದುರ್ಬೀನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು ನೋಡಿದೆ, ಹಿಟ್ಟು ಒಳಗೆ ಹೋಗಿ ಫೋಕಸ್ ಚಕ್ರ ಗರಗರ ಅನ್ನತೊಡಗಿತು. ಒಲೆ ಮೇಲಿನ ಅಟ್ಟದಲ್ಲಿಟ್ಟೆ, ಮಸಿ ಹಿಡಿಯಿತು. ಈಗ ಬಟ್ಟೆ ಬೀರುವಿನಲ್ಲಿ 40 ವ್ಯಾಟ್‌ನ ಹಳೇ ಬಲ್ಬ್ ಉರಿಸುತ್ತೇವಲ್ಲ, ಅಲ್ಲೇ ಮೇಲಿನ ಹಲಗೆಯಲ್ಲಿ, ಬಲ್ಬಿನಿಂದ ದೂರ. ಹೋದ ವರ್ಷ ಏನೂ ಆಗಲಿಲ್ಲ.

ಎಂಟುನೂರು ಗುಂಡು ಆದ ಮೇಲೆ ನಾಲ್ಕನೆಯದನ್ನು ಮತ್ತೆ ವೈಸ್‌ಗೆ ಹಾಕಿದೆ, ಅದೇ ಲೆಕ್ಕ. ಹೋದ ಕೈಲ್ ಮುಹೂರ್ತದ ಮರುದಿನ ನೆಂಟರೆಲ್ಲ ಇದ್ದಾಗ 30 ಮೀಟರ್‌ಗೆ ಹತ್ತು ಮೊಟ್ಟೆ ಇಟ್ಟರು. ಎಂಟು ಒಡೆದೆ. ಒಂಬತ್ತು ಅನ್ನಿ, ಒಂದು ಗಾಳಿಗೆ ಬಿದ್ದಿತ್ತು ಅಂತ ಅವರ ವಾದ. ಭಾವ ಏನೂ ಹೇಳದೆ ಸ್ಕೋಪ್ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು.

ಹೋದ ವಾರ ಅವರು 31,000 ಕೊಟ್ಟು ಹೊಸದೊಂದು ತರಿಸಿದ್ದಾರೆ. 'ಸುಮ್ನೆ ಒಂದ್ಸಲ ನಿನ್ನ ವೈಸ್‌ಗೆ ಹಾಕಿ ನೋಡು' ಅಂತ ಬಿಟ್ಟು ಹೋದರು. ನಿನ್ನೆ ನೋಡಿದೆ. ವಾಪಸ್ ಬರುವಾಗ 9 ಮಿಲಿಮೀಟರ್ ಪಕ್ಕ. ಅವರಿಗೆ ಇನ್ನೂ ಹೇಳಿಲ್ಲ.