ಬಿಲ್ ಗೃಹಪ್ರವೇಶಕ್ಕೆ ಮುಂಚೆ

ಕೆಲಸ ಶುರು ಮಾಡಿದ ಹೊಸದರಲ್ಲಿ ಬೆಂಗಳೂರಿನ ಒಂದು ಫ್ಲ್ಯಾಟಿನ ಇಂಟೀರಿಯರ್ ಒಪ್ಪಿಕೊಂಡಿದ್ದೆ. ಶೇ. 30ರಷ್ಟು ಹಣ ಕೆಲಸ ಮುಗಿದ ಮೇಲೆ ಅಂತ ಮಾತು. ಗೃಹಪ್ರವೇಶಕ್ಕೆ ಕರೆದರು, ಒಬ್ಬಟ್ಟಿನ ಊಟ ಹಾಕಿ ತಾಂಬೂಲ ಕೊಟ್ಟರು. ಆಮೇಲೆ ಶುರುವಾಯಿತು. ಒಂದು ಹ್ಯಾಂಡಲ್ ಲೂಸು, ಒಂದು ಡ್ರಾಯರ್ ಪೂರ್ತಿ ಮುಚ್ಚಲ್ಲ. ಹೋಗಿ ಸರಿ ಮಾಡಿದರೆ ಮತ್ತೊಂದು. ಹಣ ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಾರ್ಪೆಂಟರಿಗೂ ಪ್ಲೈವುಡ್ ಅಂಗಡಿಗೂ ನಾನೇ ಕೈಯಿಂದ ಕೊಟ್ಟಾಗಿತ್ತು.

ಈಗ ಡಿಸೈನ್ ಫೀ ಬೇರೆ, ಕೆಲಸದ ಬಿಲ್ ಬೇರೆ. ಡ್ರಾಯಿಂಗ್ ಕೊಡುವ ಮುಂಚೆ ಫೀ ಬಂದಿರಬೇಕು. ಪ್ಲೈ ತರುವ ಮೊದಲು ಅರ್ಧ, ಕಪಾಟಿನ ಬಾಕ್ಸ್‌ಗಳು ಗೋಡೆಗೆ ಕೂತ ದಿನ ಶೇ. 45. ಕೊನೆಗೆ ಉಳಿಯುವುದು ಬರೀ 5. ಹ್ಯಾಂಡಲ್ ಜಗಳಕ್ಕೆ ಅಷ್ಟು ಸಾಕು.

ಹಣಕ್ಕಿಂತ ಜಾಸ್ತಿ ಜಗಳ ಆಗಿದ್ದು ಅಳತೆಯಿಂದ. 6 ಅಡಿ ಅಗಲ, 7 ಅಡಿ ಎತ್ತರದ ವಾರ್ಡ್‌ರೋಬ್ ಅಂದರೆ 42 ಚದರಡಿ. ಅದರ ಮೇಲಿನ ಲಾಫ್ಟ್, ಅಂದರೆ ಅಟ್ಟದಂಥ ಕಪಾಟು, ಎರಡಡಿ ಎತ್ತರ, ಇನ್ನೂ 12 ಚದರಡಿ. ಬಿಲ್ ನೋಡಿ ಒಬ್ಬರು, “ವಾರ್ಡ್‌ರೋಬ್ ಅಂದ್ರೆ ಲಾಫ್ಟೂ ಸೇರಿರುತ್ತೆ ಅಲ್ವಾ ಮೇಡಂ?” ಅಂದರು. ಲಾಫ್ಟಿನದೇ ಚದರಡಿಗೆ 1,400ರಂತೆ 16,800 ರೂಪಾಯಿ. ಅರ್ಧ ಬಿಟ್ಟುಕೊಟ್ಟೆ. ಕೊಟೇಶನ್‌ನಲ್ಲಿ ನಾನು ಬರೆದೇ ಇರಲಿಲ್ಲ, ಅವರನ್ನು ಏನಂತ ಬೈಯಲಿ? ಈಗ ಲಾಫ್ಟಿಗೆ ಬೇರೆ ಸಾಲು ಇದೆ. ಅಳೆಯುವಾಗ ಟೇಪಿನ ಒಂದು ತುದಿ ಮನೆಯವರ ಕೈಗೆ ಕೊಡುತ್ತೇನೆ. ಅಲ್ಲೇ ಬರೆದು, ಅಲ್ಲೇ ಸಹಿ.

ವರ್ಷದ ವಹಿವಾಟು 20 ಲಕ್ಷ ದಾಟಿದಾಗ ಜಿಎಸ್‌ಟಿ ಬಂತು. ಒಂದು ಲಕ್ಷ ಅಂತ ಹೇಳಿ ಆಮೇಲೆ 18 ಸಾವಿರ ಸೇರಿಸಿದರೆ ಯಾರ ಮುಖವೂ ಅರಳುವುದಿಲ್ಲ. ಅದಕ್ಕೇ ಮೊದಲೇ 1,18,000 ಅನ್ನುತ್ತೇನೆ. ಫೀಗೆ ಅಡ್ವಾನ್ಸ್ ಬಂದರೂ ಆ ತಿಂಗಳ ಲೆಕ್ಕದಲ್ಲೇ ತೆರಿಗೆ ಕಟ್ಟಬೇಕು. ಆ ತೆರಿಗೆ ದುಡ್ಡನ್ನು ಬೇರೆ ಖಾತೆಗೆ ಹಾಕಿಬಿಡುತ್ತೇನೆ, ಕಣ್ಣಿಗೆ ಕಂಡರೆ ಖರ್ಚಾಗುತ್ತದೆ.

ಅಮೆರಿಕದಲ್ಲಿರುವ ಒಬ್ಬರು ಮೈಸೂರಿನ ಫ್ಲ್ಯಾಟ್ ಮಾಡಿಸಿದರು. ಡಾಲರ್‌ನಲ್ಲಿ ಕಳಿಸ್ತೀನಿ, ಎಕ್ಸ್‌ಪೋರ್ಟ್ ಅಲ್ವಾ, ಟ್ಯಾಕ್ಸ್ ಯಾಕೆ ಅಂತ ಕೇಳಿದರು. ಇಂಟೀರಿಯರ್ ಕೆಲಸಕ್ಕೆ ಆಸ್ತಿ ಎಲ್ಲಿದೆಯೋ ಅಲ್ಲಿನ ಲೆಕ್ಕ. ಕೇಂದ್ರದ ಪಾಲು ಸಿಜಿಎಸ್‌ಟಿ ಶೇ. 9, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಶೇ. 9 ಹಾಕಿಯೇ ಬಿಲ್ ಕೊಟ್ಟೆ. ಅಳತೆಗೆ ಅವರ ಅಪ್ಪ ಬಂದಿದ್ದರು. ಕನ್ನಡಕ ಏರಿಸಿಕೊಂಡು ಟೇಪ್ ನೋಡಿ, ನನಗಿಂತ ಒಂದು ಇಂಚು ಕಮ್ಮಿ ಓದಿದರು. ಅವರು ಹೇಳಿದ್ದನ್ನೇ ಬರೆದುಕೊಂಡೆ.