ಕಲಬುರಗಿಯ ಬಡಾವಣೆಯಲ್ಲಿ ಕಾಫಿ ಅಂಗಡಿ ಕಟ್ಟುವ ಬಗೆ

ಕಲಬುರಗಿಯಲ್ಲಿ ಕಾಫಿ ಅಂಗಡಿ ತೆರೆಯಲು ಹೊರಟವರು ಮೊದಲು ಮನಗಾಣಬೇಕಾದದ್ದು, ಇದು ಚಹಾದ ಊರು ಎಂಬುದನ್ನು. ಬೆಳಿಗ್ಗೆ ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿಯ ಜೊತೆಗೂ ಸಂಜೆ ಗೆಳೆಯರ ಮಾತಿನ ಜೊತೆಗೂ ಇಲ್ಲಿನವರ ಕೈಗೆ ಬರುವುದು ಚಹಾದ ಗ್ಲಾಸು. ಅದು ಅಗ್ಗ, ರುಚಿಕರ, ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಹೀಗಿರುವಾಗ ಕಾಫಿಗೆ ಅದರ ಹಲವು ಪಟ್ಟು ಹಣ ಕೊಡುವ ಗಿರಾಕಿ, ಕಾಫಿಯ ಜೊತೆಗೆ ನೆಮ್ಮದಿಯಿಂದ ಕೂರುವ ಜಾಗವನ್ನೂ ನಿರೀಕ್ಷಿಸುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುವ ಈ ಊರಿನಲ್ಲಿ ವಿನ್ಯಾಸದ ಮೊದಲ ಕೆಲಸ ಬಿಸಿಲನ್ನು ಹೊರಗೆ ನಿಲ್ಲಿಸುವುದು. ಚಂದ ಅದರ ನಂತರ ಬರುತ್ತದೆ.

ಬಾಡಿಗೆಗೆ ಜಾಗ ನೋಡುವಾಗ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಬೇಕು. ಪಶ್ಚಿಮಕ್ಕೆ ಮುಖ ಮಾಡಿದ, ಮುಂಭಾಗವೆಲ್ಲ ಗಾಜಿರುವ ಮಳಿಗೆ ಚಿತ್ರದಲ್ಲಿ ಎಷ್ಟೇ ಸೊಗಸಾಗಿ ಕಂಡರೂ ಅದನ್ನು ತಂಪಾಗಿಡುವ ಕರೆಂಟ್ ಬಿಲ್ಲೇ ಲಾಭವನ್ನು ನುಂಗುತ್ತದೆ. ಉತ್ತರ ಅಥವಾ ಪೂರ್ವಕ್ಕೆ ಬಾಗಿಲಿರುವ, ಮೇಲೆ ಇನ್ನೊಂದು ಅಂತಸ್ತು ಇರುವ ನೆಲಮಹಡಿ ಮೇಲು, ಏಕೆಂದರೆ ನೇರ ಬಿಸಿಲಿಗೆ ಒಡ್ಡಿಕೊಂಡ ಸ್ಲ್ಯಾಬು ಹಗಲಿಡೀ ಹೀರಿದ ಕಾವನ್ನು ರಾತ್ರಿ ಹತ್ತರವರೆಗೂ ಒಳಗೆ ಬಿಡುತ್ತಲೇ ಇರುತ್ತದೆ. ಮುಂದೆ ಬೇವಿನ ಮರವಿದ್ದರೆ ಬಾಡಿಗೆ ತುಸು ಹೆಚ್ಚಾದರೂ ಒಪ್ಪಿಕೊಳ್ಳಿ. ಅದರ ಕೆಳಗೊಂದು ಕಲ್ಲಿನ ಕಟ್ಟೆ ಕಟ್ಟಿಸಿದರೆ ಸಂಜೆ ಮೊದಲು ತುಂಬುವ ಆಸನ ಅದೇ ಆಗುತ್ತದೆ. ಇಲ್ಲಿನ ಬೇಸಿಗೆ ಒಣ ಬೇಸಿಗೆಯಾದ್ದರಿಂದ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಎದುರು ದಿಕ್ಕಿನಲ್ಲಿ ಗಾಳಿ ಹೊರಹೋಗಲು ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಒಳಗೆ ಜಿಗುಟು ಸೆಕೆ ತುಂಬುತ್ತದೆ.

ಕಟ್ಟಡ ಸಾಮಗ್ರಿಯ ವಿಷಯದಲ್ಲಿ ನಮ್ಮ ಜಿಲ್ಲೆ ಪುಣ್ಯ ಮಾಡಿದೆ. ದೂರದ ಊರುಗಳವರು ಲಾರಿ ಬಾಡಿಗೆ ಕೊಟ್ಟು ತರಿಸಿಕೊಳ್ಳುವ ಶಹಾಬಾದ ಫರಸಿ ನಮಗೆ ಮಗ್ಗುಲಲ್ಲೇ ಸಿಗುತ್ತದೆ. ಬೂದು, ನಸುನೀಲಿ ಬಣ್ಣದ ಈ ಕಲ್ಲು ಬರಿಗಾಲಿಗೆ ತಂಪು, ಕಣ್ಣಿಗೆ ಹಿತ, ಮತ್ತು ಇಲ್ಲಿನ ಗಿರಾಕಿಗೆ ತನ್ನ ಅಜ್ಜನ ಮನೆಯ ಪಡಸಾಲೆಯಷ್ಟು ಪರಿಚಿತ. ನೆಲಕ್ಕೆ ಪೂರ್ತಿ ಪಾಲಿಶ್ ಮಾಡಿಸಬೇಡಿ. ನೀರು ಚೆಲ್ಲಿದಾಗ ಜಾರುತ್ತದೆ. ಕೌಂಟರಿನ ಮೇಲ್ಮೈಗೆ ಮಾತ್ರ ಈ ಕಲ್ಲು ಸಲ್ಲದು. ಇದು ಸುಣ್ಣದ ಕಲ್ಲಾದ್ದರಿಂದ ನಿಂಬೆರಸದ ಒಂದು ಹನಿ ಬಿದ್ದು ಹಾಗೆಯೇ ಉಳಿದರೂ ಹೊಳಪು ಹೋಗಿ, ಎಷ್ಟು ಒರೆಸಿದರೂ ಮಾಸದ ಮಂಕು ಕಲೆ ಮೂಡುತ್ತದೆ. ಅಲ್ಲಿ ಗ್ರಾನೈಟ್ ಅಥವಾ ಸ್ಟೀಲ್ ಹಾಕಿಸಿ. ನೆಲ ತೊಳೆಯುವವರಿಗೆ ಆ್ಯಸಿಡ್ ಬಾಟಲಿ ಮುಟ್ಟಬಾರದೆಂದು ಮೊದಲ ದಿನವೇ ತಿಳಿಸಬೇಕು. ಅದು ಬಿದ್ದಲ್ಲಿ ಫರಸಿ ನೊರೆಯುಕ್ಕಿ ತಿಂದುಹೋಗುತ್ತದೆ.

ಬರಿಯ ಕಲ್ಲಿನ ಕೋಣೆಯಲ್ಲಿ ಸದ್ದು ಮೊಳಗುತ್ತದೆ. ಗ್ರೈಂಡರ್ ತಿರುಗಿದಾಗಲೆಲ್ಲ ಮಾತು ನಿಲ್ಲಿಸಬೇಕಾದ ಜಾಗಕ್ಕೆ ಜನ ಮತ್ತೆ ಬರುವುದಿಲ್ಲ. ಇದಕ್ಕೆ ಕೌದಿಗಿಂತ ಒಳ್ಳೆಯ ಉಪಾಯ ನನಗೆ ತೋರಿಲ್ಲ. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನು ಗೋಡೆಯಿಂದ ಒಂದೆರಡು ಇಂಚು ಬಿಟ್ಟು ತೂಗುಹಾಕಿದರೆ ಪ್ರತಿಧ್ವನಿ ತಗ್ಗುತ್ತದೆ, ಹೊಲಿದ ಹೆಣ್ಣುಮಕ್ಕಳಿಗೆ ಯೋಗ್ಯ ಬೆಲೆಯೂ ಸಿಗುತ್ತದೆ. ಬಿದರಿ ಕುಸುರಿಯನ್ನು ಬಳಸುವ ಆಸೆ ಸಹಜ. ನಾಮಫಲಕಕ್ಕೋ ಬಾಗಿಲ ಹಿಡಿಕೆಗೋ ಅದು ಶೋಭೆ ಕೊಡುತ್ತದೆ. ಆದರೆ ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂಡಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಈ ಕೆಲಸವನ್ನು ಕಾಫಿ, ತಿಂಡಿ ತಗಲುವ ಪಾತ್ರೆಗೆ ಬಳಸಕೂಡದು. ಒಂದೇ ತುಂಡು ಸಾಕು, ಅದು ಕಣ್ಣಿಗೆ ಬೀಳುವ ಎತ್ತರದಲ್ಲಿರಲಿ. ಮೇಜಿನ ಎತ್ತರ ಎರಡೂವರೆ ಅಡಿ, ಕೂರುವ ಪೀಠ ಒಂದೂವರೆ ಅಡಿ, ಓಡಾಡಲು ಮೂರು ಅಡಿ ದಾರಿ. ಹೆಣ್ಣುಮಕ್ಕಳು ಒಬ್ಬರೇ ಬಂದು ಕೂರುವಂತಾಗಬೇಕಾದರೆ ಒಳಗಿನ ಮೂಲೆಗಳೂ ಕೌಂಟರಿನಿಂದ ಕಾಣುತ್ತಿರಬೇಕು, ಶೌಚಾಲಯ ಸ್ವಚ್ಛವಾಗಿರಬೇಕು.

ಇನ್ನು ನೀರು. ಈ ಭಾಗದ ಬೋರ್‌ವೆಲ್ ನೀರು ಹಲವೆಡೆ ಗಡಸು. ಅದನ್ನು ಹಾಗೆಯೇ, ಒತ್ತಡದ ಬಿಸಿನೀರಿನಿಂದ ಗಟ್ಟಿ ಕಾಫಿ ಇಳಿಸುವ ಎಸ್ಪ್ರೆಸೊ ಯಂತ್ರಕ್ಕೆ ಬಿಟ್ಟರೆ ಬಾಯ್ಲರಿನೊಳಗೆ ಸುಣ್ಣದ ಪದರ ಕಟ್ಟಿ ಲಕ್ಷಾಂತರ ರೂಪಾಯಿಯ ಯಂತ್ರ ಕೆಡುತ್ತದೆ. ಹಾಗೆಂದು ಬರಿಯ ಆರ್‌ಒ ನೀರೂ ಸರಿಯಲ್ಲ, ಲವಣ ತೀರಾ ಕಡಿಮೆಯಾದ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ. ಆರ್‌ಒ ನೀರಿಗೆ, ಆರ್‌ಒಗೆ ಹಾಯಿಸದೆ ಸೋಸಿದ ನೀರನ್ನಷ್ಟೇ ಅಳತೆಯಲ್ಲಿ ಬೆರೆಸಿ, ಕರಗಿದ ಲವಣವನ್ನು ತೋರಿಸುವ ಟಿಡಿಎಸ್ ಮೀಟರಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ಆಸುಪಾಸು ನಿಲ್ಲಿಸಿ, ಗಡಸುತನವನ್ನೂ ಪರೀಕ್ಷಿಸಿಕೊಳ್ಳಿ.

ಎಸ್ಪ್ರೆಸೊಗೆ 18 ಗ್ರಾಂ ಪುಡಿಯಿಂದ 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಸುವುದು ಆರಂಭಕ್ಕೆ ಒಳ್ಳೆಯ ಅಳತೆ. ಹಾಲನ್ನು 65 ಡಿಗ್ರಿ ಮೀರಿ ಕಾಯಿಸಬಾರದು. ಚಿಕ್ಕಮಗಳೂರು, ಕೊಡಗಿನ ಬೀಜವನ್ನು ವಾರಕ್ಕೆ ಬೇಕಾದಷ್ಟೇ ತರಿಸಿ, ಹುರಿದ ಬೀಜದ ಪರಿಮಳ ಇಲ್ಲಿನ ಕಾವಿಗೆ ಬೇಗ ಹೋಗುತ್ತದೆ. ಹಿತ್ತಾಳೆಯ ಫಿಲ್ಟರನ್ನೂ ಇಟ್ಟುಕೊಳ್ಳಿ. ಕರೆಂಟ್ ಹೋದಾಗ ಮನೆಬಳಕೆಯ ಇನ್ವರ್ಟರ್ ದೊಡ್ಡ ಯಂತ್ರವನ್ನು ನಡೆಸಲಾರದು, ಆಗ ಗ್ಯಾಸ್ ಒಲೆ ಮತ್ತು ಡಿಕಾಕ್ಷನ್ ಅಂಗಡಿಯನ್ನು ಕಾಯುತ್ತವೆ. ಬೇಸಿಗೆಗೆ ತರಿಯಾಗಿ ಬೀಸಿದ ಒಂದು ಪಾಲು ಪುಡಿಯನ್ನು ಎಂಟು ಪಾಲು ತಣ್ಣೀರಿನಲ್ಲಿ ಫ್ರಿಜ್ಜಿನೊಳಗೆ ರಾತ್ರಿಯಿಡೀ ನೆನೆಸಿ ಸೋಸಿದರೆ ತಣ್ಣನೆಯ ಕಾಫಿ ಸಿದ್ಧ.

ಪಾಲಿಕೆಯ ವ್ಯಾಪಾರ ಪರವಾನಗಿ, ಆಹಾರ ಸುರಕ್ಷತೆಯ ನೋಂದಣಿ ಅಥವಾ ಪರವಾನಗಿ, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ವಿದ್ಯುತ್ ಕಂಪನಿ ಜೆಸ್ಕಾಂನ ವಾಣಿಜ್ಯ ಸಂಪರ್ಕ, ಇವು ಬಾಗಿಲು ತೆರೆಯುವ ಮುನ್ನವೇ ಆಗಿರಲಿ. ಕಟ್ಟಡದ ಮಾಲೀಕರ ಒಪ್ಪಂದ ಪತ್ರ ಇವುಗಳಲ್ಲಿ ಹಲವಕ್ಕೆ ಬೇಕಾಗುತ್ತದೆ.

ಲೆಕ್ಕ ಹೀಗೆ ಹಾಕಿ. ಒಂದು ಕಪ್ಪಿನ ಬೆಲೆ 70 ರೂಪಾಯಿ, ಬೀಜ, ಹಾಲು, ಸಕ್ಕರೆಗೆ 28 ಎಂದಿಟ್ಟುಕೊಂಡರೆ ಉಳಿಯುವುದು 42. ಬಾಡಿಗೆ, ಸಂಬಳ, ಕರೆಂಟ್ ಸೇರಿ ತಿಂಗಳಿಗೆ 84,000 ಖರ್ಚಾದರೆ 2,000 ಕಪ್ಪು, ಅಂದರೆ ದಿನಕ್ಕೆ ಸುಮಾರು 67 ಕಪ್ಪು ಮಾರಿದಾಗ ಅಸಲು ಹುಟ್ಟುತ್ತದೆ. ನಿಮ್ಮ ಬೀದಿಯಲ್ಲಿ ಅಷ್ಟು ಜನ ಬರುವರೇ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಿಕೊಳ್ಳಬೇಕು. ವೇಳೆಯನ್ನು ಊರಿನ ನಡೆ ನೋಡಿ ನಿಗದಿ ಮಾಡಿ: ಮೇ ತಿಂಗಳ ನಡುಮಧ್ಯಾಹ್ನ ಬೀದಿ ಖಾಲಿ, ರಂಜಾನಿನಲ್ಲಿ ವ್ಯಾಪಾರ ಇಫ್ತಾರಿನ ನಂತರ. ಮೊದಲ ಎರಡು ತಿಂಗಳು ಗಂಟೆಗೊಮ್ಮೆ ಹೋದ ಕಪ್ಪುಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಕೆಲಸಗಾರರ ಪಾಳಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.